ಕ್ಯಾಮ್ ಬಂದರೆ ಕಂಟ್ರೋಲ್ ಕಲಿಯೋದು ಬೇಡವಾ?

ಪ್ರಶ್ನೆ: ಸರ್, ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ಭೋಸರಿಯಲ್ಲಿ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಶೀನ್) ಆಪರೇಟರ್ ಆಗಿದ್ದೇನೆ. ಪ್ರೋಗ್ರಾಮಿಂಗ್‌ಗೆ ಹೋಗಬೇಕು ಅಂತ ಆಸೆ. ಮಾಸ್ಟರ್‌ಕ್ಯಾಮ್ ಕಲಿಯಲಾ, ಎನ್‌ಎಕ್ಸ್ ಕಲಿಯಲಾ? ಕ್ಯಾಮ್ (ಮಶೀನ್ ಪ್ರೋಗ್ರಾಮ್ ಮಾಡಿಕೊಡುವ ಸಾಫ್ಟ್‌ವೇರ್) ಬಂದರೆ ಫ್ಯಾನಕ್, ಸೀಮೆನ್ಸ್ ಅಂತ ಬೇರೆ ಬೇರೆ ಕಂಟ್ರೋಲ್ (ಮಶೀನ್ ನಡೆಸುವ ಕಂಪ್ಯೂಟರ್) ಕಲಿಯೋದು ಬೇಕಾ? ಮಶೀನಿಗೆ ಕೊಡುವ ಆಜ್ಞೆ, ಜಿ-ಕೋಡ್, ಎಲ್ಲಾ ಕಡೆ ಒಂದೇ ಅಲ್ವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಗುರುವಾರ ರಜೆ ಅಂತ ಟೆಲ್ಕೋ ರೋಡಿನಲ್ಲಿ ಚಹಾ ಕುಡಿಯಲು ನಿಂತರೂ ಊರಿನ ಹುಡುಗರು ಇದನ್ನೇ ಕೇಳುತ್ತಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಕ್ಯಾಮ್ ವಿಷಯ ಮುಗಿಸೋಣ. ಪ್ಲೇಟ್, ಪಾಕೆಟ್, ಡ್ರಿಲ್ಲಿಂಗ್, ಟ್ಯಾಪಿಂಗ್ ಇಷ್ಟೇ ಕೆಲಸ ಇದ್ದರೆ ಮಾಸ್ಟರ್‌ಕ್ಯಾಮ್, ಸಾಲಿಡ್‌ಕ್ಯಾಮ್, ಫ್ಯೂಶನ್ ಯಾವುದಾದರೂ ನಡೆಯುತ್ತದೆ. ಮೌಲ್ಡ್, ಡೈ ಕೆಲಸ ಇರುವ ಕಡೆ ಪವರ್‌ಮಿಲ್, ಹೈಪರ್‌ಮಿಲ್, ಎನ್‌ಎಕ್ಸ್ ಜಾಸ್ತಿ ಕಾಣುತ್ತವೆ. ನೀವು ಈಗ ಕೆಲಸ ಮಾಡುವ ಕಡೆ ಯಾವುದಿದೆಯೋ ಅದನ್ನೇ ಕಲಿಯಿರಿ. ಒಂದು ಚೆನ್ನಾಗಿ ಬಂದರೆ ಇನ್ನೊಂದಕ್ಕೆ ಕೈ ಕೂರಲು ಜಾಸ್ತಿ ದಿನ ಬೇಕಿಲ್ಲ.

ನನಗೆ ನಿಜವಾಗಿ ಬೇಜಾರು ತರಿಸೋದು ನಿಮ್ಮ ಕೊನೆಯ ವಾಕ್ಯ. ಜಿ-ಕೋಡ್ ಎಲ್ಲಾ ಕಡೆ ಒಂದೇ ಅಲ್ಲ. ಈ ತಪ್ಪು ತಿಳುವಳಿಕೆಯಿಂದ ಮುರಿದ ಟೂಲ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಐಎಸ್‌ಒ 6983 ಅಂತ ಒಂದು ಮಾನಕ ಇದೆ, 1982ರಿಂದ. ಜಿ00, ಜಿ01, ಜಿ02ರಂಥ ಕೆಲವೇ ಮೂಲ ಕೋಡ್‌ಗಳು ಅದರಿಂದ ಎಲ್ಲ ಕಡೆ ಸಮ. ಅದರಾಚೆ ಪ್ರತಿ ಕಂಪನಿ ತನ್ನದೇ ದಾರಿ ಹಿಡಿದಿದೆ.

ಪುಣೆಯಲ್ಲಿ ಇರುವ ನಮಗೆ ಇದು ಸುಲಭವಾಗಿ ಅರ್ಥ ಆಗಬೇಕು. 'ಕಾಯ್' ಅಂದರೆ ನಮಗೆ ತೆಂಗಿನಕಾಯಿ, ಪಕ್ಕದ ಮರಾಠಿಯವರಿಗೆ 'ಏನು'. ಜಿ90 ಕೂಡ ಹಾಗೇ. ವಿಎಂಸಿಯಲ್ಲಿ ಜಿ90 ಅಂದರೆ ಅಬ್ಸಲ್ಯೂಟ್, ಅಳತೆಯೆಲ್ಲ ಒಂದೇ ಸೊನ್ನೆಯಿಂದ. ಪಕ್ಕದಲ್ಲೇ ಇರುವ ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ಲೇಥ್), ಅದೂ ಫ್ಯಾನಕ್ಕೇ, ಅದರಲ್ಲಿ ಕೋಡ್ ಸಿಸ್ಟಮ್ ಎ (ಫ್ಯಾನಕ್ ಲೇಥ್‌ನ ಕೋಡ್ ಪಟ್ಟಿಗಳಲ್ಲಿ ಒಂದು) ಇದ್ದರೆ ಜಿ90 ಅಂದರೆ ಟರ್ನಿಂಗ್ ಸೈಕಲ್, ಕಡಿದು ವಾಪಸ್ ಬರುವ ಒಂದು ಪೂರ್ತಿ ಸುತ್ತು. ಅದೇ ಲೇಥ್‌ನಲ್ಲಿ ಸ್ಪಿಂಡಲ್ ಸ್ಪೀಡಿಗೆ ಮಿತಿ ಹಾಕಲು ಜಿ50 ಬರೆಯಬೇಕು. ಸಿಸ್ಟಮ್ ಬಿ ಇದ್ದರೆ ಜಿ92. ಸೀಮೆನ್ಸ್ ಆದರೆ 'ಲಿಮ್ಸ್=2500' ಅಂತ ಬರೆಯಬೇಕು. ಒಂದು ಸೆಕೆಂಡ್ ನಿಲ್ಲಿಸಲು ಫ್ಯಾನಕ್‌ನಲ್ಲಿ ಜಿ04 ಪಿ1000, ಸೀಮೆನ್ಸ್‌ನಲ್ಲಿ ಜಿ4 ಎಫ್1. ಹೈಡನ್‌ಹೈನ್ ಅನ್ನೋ ಇನ್ನೊಂದು ಕಂಟ್ರೋಲ್‌ನ ಸ್ವಂತ ಭಾಷೆಯಲ್ಲಂತೂ ಜಿ ಅಕ್ಷರವೇ ಇರುವುದಿಲ್ಲ. 'ಎಲ್ ಎಕ್ಸ್+50 ವೈ+20 ಆರ್0 ಎಫ್‌ಮ್ಯಾಕ್ಸ್' ಅಂತ ಸಾಲು ಹೋಗುತ್ತದೆ.

"ಅದನ್ನೆಲ್ಲ ಪೋಸ್ಟ್ ಪ್ರೊಸೆಸರ್ ನೋಡ್ಕೊಳ್ಳುತ್ತೆ ಅಲ್ವಾ ಸರ್?" ಅಂತ ಮುಂದಿನ ಮಾತು ಬರುತ್ತದೆ. ಪೋಸ್ಟ್ ಅಂದರೆ ಕ್ಯಾಮ್ ಹಾಕಿದ ಟೂಲ್‌ಪಾತ್ (ಟೂಲ್ ಓಡುವ ದಾರಿ) ಅನ್ನು ಮಶೀನಿನ ಕೋಡಿಗೆ ಬದಲಿಸುವ ಪ್ರೋಗ್ರಾಮ್. ನೋಡಿಕೊಳ್ಳುತ್ತದೆ, ಆ ಮಶೀನಿಗೆ ಅಂತಲೇ ಮಾಡಿದ ಪೋಸ್ಟ್ ಆಗಿದ್ದರೆ. ಆದರೆ ಕಂಪ್ಯೂಟರ್ ಪರದೆಯಲ್ಲಿ ನೀವು ನೋಡುವ ಸಿಮ್ಯುಲೇಶನ್ ಸಾಮಾನ್ಯವಾಗಿ ಪೋಸ್ಟ್ ಮಾಡುವುದಕ್ಕೆ ಮುಂಚಿನ ಟೂಲ್‌ಪಾತ್. ಮಶೀನ್ ಓದುವ ಕೋಡನ್ನು ಅದು ನೋಡಿಯೇ ಇರುವುದಿಲ್ಲ. ಪೋಸ್ಟ್ ಆದ ಮೇಲಿನ ಕೋಡನ್ನೇ ಪರೀಕ್ಷಿಸುವ ವೆರಿಕಟ್‌ನಂಥ ಸಾಫ್ಟ್‌ವೇರ್ ಇವೆ, ನಿಜ. ನಮ್ಮ ಕಡೆಯ ಸಣ್ಣ ಶಾಪ್‌ಗಳಲ್ಲಿ ಅಷ್ಟು ದುಡ್ಡು ಹಾಕುವವರು ಕಡಿಮೆ. ಹಾಕಿದರೂ, ಪ್ರೋಗ್ರಾಮ್ ಮಶೀನಿಗೆ ಹೋದ ಮೇಲೆ ಜಾಬ್ ಕೂರಿಸುವ ಸೆಟ್ಟರ್ ಕೈಯಿಂದ ಏನು ಸೇರಿಸುತ್ತಾನೆ ಅನ್ನೋದು ಅದಕ್ಕೂ ಗೊತ್ತಾಗುವುದಿಲ್ಲ.

ನಾನು ಮುಂಚೆ ಇದ್ದ ಒಂದು ಶಾಪ್‌ನಲ್ಲಿ ನಡೆದದ್ದು ಹೇಳುತ್ತೇನೆ. ಕ್ಯಾಮ್ ಪ್ರೋಗ್ರಾಮ್ ನನ್ನದು, ಪೋಸ್ಟ್ ಸರಿ ಇತ್ತು. ಜಾಬ್ ಹಿಡಿದ ಕ್ಲ್ಯಾಂಪ್ ಒಂಚೂರು ಎತ್ತರ ಇದೆ ಅಂತ ಸೆಟ್ಟರ್ ಹುಡುಗ ಒಂದು ಸಾಲು ಸೇರಿಸಿದ: 'ಜಿ00 ಝಡ್100'. ಟೂಲ್ 100 ಮಿಲಿಮೀಟರ್ ಮೇಲೆ ಹೋಗಲಿ ಅಂತ. ಅವನ ಉದ್ದೇಶ ಒಳ್ಳೆಯದೇ. ಅವನು ಎರಡು ವರ್ಷ ಸೀಮೆನ್ಸ್ ಮೇಲೆ ಕೆಲಸ ಮಾಡಿದವನು, ಅಲ್ಲಿ ಝಡ್100 ಅಂದರೆ 100 ಮಿಲಿಮೀಟರ್ರೇ. ಇದು ಫ್ಯಾನಕ್. 100ರ ಮುಂದೆ ಚುಕ್ಕೆ ಇಲ್ಲ. ಚುಕ್ಕೆ ಇಲ್ಲದಿದ್ದರೆ ಫ್ಯಾನಕ್ ಆ ಸಂಖ್ಯೆಯನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಂತ ಓದುತ್ತದೆ, 3401ನೇ ಪ್ಯಾರಾಮೀಟರ್ ಬದಲಿಸದೇ ಇದ್ದರೆ. ಟೂಲ್ ಜಾಬ್‌ನಿಂದ 0.1 ಮಿಲಿಮೀಟರ್ ಮೇಲೆ ನಿಂತಿತು. ಮುಂದಿನ ಸಾಲು ಎಕ್ಸ್‌ನಲ್ಲಿ ಪೂರ್ತಿ ವೇಗದ ರ್‍ಯಾಪಿಡ್. 10 ಎಂಎಂ ಎಂಡ್‌ಮಿಲ್ ನೇರವಾಗಿ ಕ್ಲ್ಯಾಂಪಿಗೆ ಹೊಡೆಯಿತು. ಆ ಶಬ್ದ ಕೇಳಿ ಪಕ್ಕದ ಮಶೀನಿನವನೂ ಎಮರ್ಜೆನ್ಸಿ ಒತ್ತಿಬಿಟ್ಟ. ಹುಡುಗ ಬೆವರುತ್ತಾ, "ಸರ್, ಕಂಪ್ಯೂಟರ್‌ನಾಗ ಬರೋಬ್ಬರಿ ತೋರಿಸಿತ್ರೀ" ಅಂದ. ಹೌದು, ಬರೋಬ್ಬರಿಯೇ ತೋರಿಸಿತ್ತು. ಒಂದು ಚುಕ್ಕೆ ಅಷ್ಟೇ ಬಿಟ್ಟುಹೋಗಿದ್ದು.

ಅವತ್ತಿನಿಂದ ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ತಿಂಗಳು ಕ್ಯಾಮ್ ಮುಟ್ಟಲು ಬಿಡುವುದಿಲ್ಲ. ಪೋಸ್ಟ್ ಆದ ಪ್ರೋಗ್ರಾಮ್ ಪ್ರಿಂಟ್ ಕೊಟ್ಟು, ಮೊದಲ 20 ಸಾಲಿನ ಅರ್ಥ ಪೆನ್ಸಿಲ್‌ನಿಂದ ಬರೆಸುತ್ತೇನೆ. ಟೂಲಿನ ಉದ್ದ ಲೆಕ್ಕಕ್ಕೆ ತರುವ ಜಿ43 ಮುಂದಿನ ಎಚ್ ನಂಬರ್ ಯಾವ ಟೂಲಿನದು? ಜಿ54, ಅಂದರೆ ಜಾಬಿನ ಸೊನ್ನೆ, ಎಲ್ಲಿ ಇಟ್ಟಿದ್ದೀಯ? ಹೀಗೆ ಕಲಿತ ಹುಡುಗರು ಈಗ ಚಾಕಣದಲ್ಲಿ ಫೈವ್ ಆ್ಯಕ್ಸಿಸ್ ಮಶೀನ್ ನಡೆಸುತ್ತಿದ್ದಾರೆ. ಅದು ನನಗೆ ತುಂಬಾ ಹೆಮ್ಮೆ.

ಚುಕ್ಕೆ ವಿಷಯ ಬಂತಲ್ಲ, ಫ್ಯಾನಕ್ ಹಾಗೇಕೆ ಓದುತ್ತದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಹಿಂದೆ ಪ್ರೋಗ್ರಾಮ್ ಕಾಗದದ ಟೇಪಿನಲ್ಲಿ ತೂತು ಹೊಡೆದು ಬರುತ್ತಿತ್ತು. ಒಂದು ಇಂಚಿಗೆ 10 ಅಕ್ಷರ. ಆ ಕಾಲದ ಕಂಟ್ರೋಲ್‌ಗಳಿಗೆ ಚುಕ್ಕೆಯೇ ಗೊತ್ತಿರಲಿಲ್ಲ, ಎಲ್ಲವೂ ಅತಿ ಸಣ್ಣ ಅಳತೆಯ ಲೆಕ್ಕದಲ್ಲೇ. ಆ ಅಭ್ಯಾಸ ಉಳಿದುಕೊಂಡಿತು. ಫ್ಯಾನಕ್ ಮೆಮೊರಿಯನ್ನು ಇವತ್ತಿಗೂ ಟೇಪಿನ ಉದ್ದದ ಹಾಗೆ ಮೀಟರ್‌ನಲ್ಲಿ ಹೇಳುವುದು ಅದಕ್ಕೇ. 1280 ಮೀಟರ್ ಅಂದರೆ 512 ಕೆಬಿ.

ಮೌಲ್ಡ್ ಫಿನಿಶಿಂಗ್ ಪ್ರೋಗ್ರಾಮ್ ಒಂದೇ ಹಲವು ಎಂಬಿ ಇರುತ್ತದೆ, ಅದು ಅಲ್ಲಿ ಹಿಡಿಸುವುದಿಲ್ಲ. ಆಗ ಹಳೆಯ ಮಶೀನುಗಳಲ್ಲಿ ಕೇಬಲ್ ಹಾಕಿ ಡಿಎನ್‌ಸಿ ನಡೆಸುತ್ತಾರೆ, ಅಂದರೆ ಕಂಪ್ಯೂಟರಿನಿಂದ ಪ್ರೋಗ್ರಾಮ್ ಸ್ವಲ್ಪ ಸ್ವಲ್ಪವೇ ಕಳಿಸುತ್ತಾ ಓಡಿಸುತ್ತಾರೆ. ಕ್ಯಾಮ್‌ನಲ್ಲಿ 40 ನಿಮಿಷ ತೋರಿಸಿದ ಜಾಬ್ ಮಶೀನಿನಲ್ಲಿ ಗಂಟೆಗಟ್ಟಲೆ ಎಳೆಯುವುದು ಇಂಥ ಕಡೆಯೇ. ಲೆಕ್ಕ ಹಾಕಿ ನೋಡಿ. ಕೇಬಲಿನ ವೇಗ 9600 ಬಾಡ್ (ಸೆಕೆಂಡಿಗೆ 9600 ಬಿಟ್, ಅಕ್ಷರಕ್ಕೆ 10 ಬಿಟ್) ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. ಒಂದು ಸಾಲಿಗೆ 20 ಅಕ್ಷರ ಅಂದರೆ 48 ಸಾಲು. ಸಾಲಿಗೆ 0.1 ಮಿಲಿಮೀಟರ್ ಚಲನೆ ಇದ್ದರೆ ಸೆಕೆಂಡಿಗೆ 4.8 ಮಿಲಿಮೀಟರ್, ನಿಮಿಷಕ್ಕೆ 288. ನೀವು ಎಫ್2000 (ನಿಮಿಷಕ್ಕೆ 2000 ಮಿಲಿಮೀಟರ್) ಕೊಟ್ಟಿರುತ್ತೀರಿ, ಮಶೀನ್ ಮಾತ್ರ ಡೇಟಾಗೆ ಕಾಯುತ್ತಾ ನಡುಗುತ್ತಾ ಹೋಗುತ್ತದೆ, ಜಾಬ್ ಮೇಲೆ ಗೆರೆ ಬೀಳುತ್ತದೆ. ಅದಕ್ಕೆ ಹೊಸ ಕ್ಯಾಮ್ ಕೊಳ್ಳಬೇಕಿಲ್ಲ. ಮಶೀನಿಗೆ ಕಾರ್ಡ್ ಸ್ಲಾಟ್ ಇದ್ದರೆ ಕಾರ್ಡಿನಿಂದಲೇ ಓಡಿಸಿ. ಇಲ್ಲದಿದ್ದರೆ ಇರುವ ಕ್ಯಾಮ್‌ನಲ್ಲೇ ಆರ್ಕ್ ಫಿಲ್ಟರ್ (ಹಲವು ಸಣ್ಣ ಗೆರೆಗಳನ್ನು ಒಂದು ಕಮಾನಾಗಿ ಸೇರಿಸುವುದು) ಆನ್ ಮಾಡಿ, ಡ್ರಾಯಿಂಗ್ ಒಪ್ಪುವಷ್ಟು ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) ಸಡಿಲಿಸಿ ಮತ್ತೆ ಪೋಸ್ಟ್ ಮಾಡಿ. ಸಾಲುಗಳು ಎಷ್ಟು ಕಡಿಮೆಯಾದವು ಅಂತ ಫೈಲ್ ಸೈಜ್ ನೋಡಿದರೇ ಗೊತ್ತಾಗುತ್ತದೆ.