ಪೋಸ್ಟ್‌ಮ್ಯಾನ್‌ನಲ್ಲಿ ಬರುವ ಡೇಟಾ ಬ್ರೌಸರ್‌ನಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ನನ್ನ ರಿಯಾಕ್ಟ್ ಆ್ಯಪ್ ಲೋಕಲ್‌ಹೋಸ್ಟ್ 3000ರಲ್ಲಿದೆ, ಸರ್ವರ್ 5000ರಲ್ಲಿದೆ. ಪೋಸ್ಟ್‌ಮ್ಯಾನ್‌ನಲ್ಲಿ (ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿ ಪರೀಕ್ಷಿಸುವ ಆ್ಯಪ್) ಎಲ್ಲ ಸರಿ, ಬ್ರೌಸರ್‌ನಲ್ಲಿ ಮಾತ್ರ ಕಾರ್ಸ್ ಎರರ್ (ಬೇರೆ ವಿಳಾಸದ ಸರ್ವರ್‌ನ ಉತ್ತರ ಓದಲು ಬ್ರೌಸರ್ ಬಿಡುತ್ತಿಲ್ಲ). ಡೇಟಾ ಕೇಳುವ ಫೆಚ್ ಕೋಡ್‌ನಲ್ಲಿ ‘ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್’ ಹೆಡರ್ (ರಿಕ್ವೆಸ್ಟ್ ಅಥವಾ ಉತ್ತರದ ಜೊತೆ ಹೋಗುವ ಮಾಹಿತಿ ಸಾಲು) ಹಾಕಿದರೂ ಎರರ್ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಹೆಡರ್ ತೆಗೆಯಿರಿ. ಇದನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಅದು ಸರ್ವರ್ ತನ್ನ ಉತ್ತರದ ಜೊತೆ ಕಳಿಸಬೇಕಾದ ಹೆಡರ್. ಅದನ್ನು ನೀವೇ ಹಾಕಿದರೆ, ಗೇಟ್ ಪಾಸ್‌ಗೆ ಒಳಗೆ ಹೋಗುವವನೇ ಸಹಿ ಹಾಕಿಕೊಂಡ ಹಾಗೆ. ಯಾರು ಒಪ್ಪುತ್ತಾರೆ?

ಬರೀ ಉಪಯೋಗ ಇಲ್ಲ ಅಂದಿದ್ದರೆ ಸುಮ್ನೆ ಇರಬಹುದಿತ್ತು. ಇದು ಕೆಲಸ ಕೆಡಿಸುತ್ತದೆ. ಸಾದಾ ಗೆಟ್ ರಿಕ್ವೆಸ್ಟ್ ನೇರವಾಗಿ ಸರ್ವರ್‌ಗೆ ಹೋಗುತ್ತದೆ. ಅದಕ್ಕೆ ಇಂಥ ಹೆಡರ್ ಅಂಟಿಸಿದ ಕೂಡಲೇ ಬ್ರೌಸರ್ ತಡೆದು, ಮೊದಲು ಒಂದು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ ‘ಈ ಹೆಡರ್ ನಡೆಯುತ್ತಾ?’ ಎಂದು ಕೇಳುತ್ತದೆ. ಪ್ರೀಫ್ಲೈಟ್ ಅಂದರೆ ಇದೇ. ಈಗ ಸರ್ವರ್ ನಿಮ್ಮ ಒರಿಜಿನ್ (ಪುಟದ ಪ್ರೋಟೊಕಾಲ್, ಹೋಸ್ಟ್ ಹೆಸರು, ಪೋರ್ಟ್ ಮೂರೂ ಸೇರಿದ ವಿಳಾಸ) ಒಪ್ಪಿದರೆ ಸಾಲದು, ಈ ಹೆಡರನ್ನೂ ಒಪ್ಪಬೇಕು. ಒಂದಿದ್ದ ತೊಂದರೆ ಎರಡಾಯಿತು, ಅಲ್ವಾ? ಎರರ್ ಸಾಲನ್ನು ಪೂರ್ತಿ ಓದಿ. ಹೆಡರ್ ಹಾಕಿದ ಮೇಲೆ ಅದರ ಮಾತು ಬದಲಾಗಿರುತ್ತದೆ. ಯಾರೂ ಓದುವುದಿಲ್ಲ, ಕೆಂಪು ಬಣ್ಣ ನೋಡಿ ಇಲ್ಲಿಗೆ ಬರುತ್ತೀರಿ.

ಫೆಚ್‌ನ ‘ನೋ-ಕಾರ್ಸ್’ ಮೋಡ್ ಕೂಡ ಇದೇ ಜಾತಿಯದು. ಎರರ್ ಹೋಗುತ್ತದೆ, ಡೇಟಾವೂ ಹೋಗುತ್ತದೆ. ನಿಮ್ಮ ಕೋಡ್‌ಗೆ ಸಿಗುವುದು ಸ್ಟೇಟಸ್ 0 ಮತ್ತು ಖಾಲಿ ಬಾಡಿ.

ಪೋರ್ಟ್ ಬೇರೆಯಾದರೆ ಒರಿಜಿನ್ ಬೇರೆ. ಈ ಕಾವಲು ಬ್ರೌಸರ್‌ನದು. ಪೋಸ್ಟ್‌ಮ್ಯಾನ್‌ಗೆ ಅದರ ಗೊಡವೆ ಇಲ್ಲ. ಸರ್ವರ್ ಎಕ್ಸ್‌ಪ್ರೆಸ್ (ನೋಡ್‌ಜೆಎಸ್‌ನ ಫ್ರೇಮ್‌ವರ್ಕ್) ಆದರೆ ಕಾರ್ಸ್ ಪ್ಯಾಕೇಜ್ ಹಾಕಿ ಫ್ರಂಟೆಂಡ್‌ನ ಒರಿಜಿನ್ ಬರೆಯಿರಿ. ಕೊನೆಯಲ್ಲಿ ಸ್ಲ್ಯಾಶ್ ಬೇಡ. ಆ ಸಾಲು ಲಾಗಿನ್ ತಪಾಸಣೆಗಿಂತ ಮೇಲಿರಲಿ. ಪ್ರೀಫ್ಲೈಟ್‌ನಲ್ಲಿ ಟೋಕನ್ ಇರುವುದಿಲ್ಲ, ತಪಾಸಣೆ ಮೊದಲು ಸಿಕ್ಕರೆ 401 (ಲಾಗಿನ್ ಆಗಿಲ್ಲ ಎನ್ನುವ ಉತ್ತರ) ಕೊಟ್ಟು ಅಲ್ಲೇ ನಿಲ್ಲಿಸುತ್ತದೆ. ಕುಕೀ ಕಳಿಸುವುದಾದರೆ ಯಾವ ಒರಿಜಿನ್ ಆದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ, ಒರಿಜಿನ್ ಹೆಸರೇ ಬೇಕು. ನಿಮ್ಮ ಸರ್ವರ್ ಮುಂದೆ ಎಂಜಿನ್‌ಎಕ್ಸ್ (ರಿಕ್ವೆಸ್ಟ್‌ಗಳನ್ನು ಒಳಗೆ ದಾಟಿಸುವ ಇನ್ನೊಂದು ಸರ್ವರ್) ಕೂರಿಸಿ ಹೆಡರನ್ನು ಅಲ್ಲಿಂದ ಕಳಿಸುತ್ತಿದ್ದರೆ, ಆ ಸಾಲಿನ ಕೊನೆಗೆ ‘ಆಲ್ವೇಸ್’ ಸೇರಿಸಿ. ಇಲ್ಲದಿದ್ದರೆ 500 (ಸರ್ವರ್ ಒಳಗಿನ ಎರರ್) ಬಂದಾಗ ಹೆಡರ್ ಹೋಗುವುದಿಲ್ಲ, ಸರ್ವರ್‌ನ ತಪ್ಪು ಕಾರ್ಸ್ ಎರರ್‌ನ ವೇಷ ಹಾಕಿಕೊಂಡು ಬರುತ್ತದೆ. ಸರ್ವರ್ ಬೇರೆಯವರದಾದರೆ ಡೇಟಾವನ್ನು ನಿಮ್ಮ ಸರ್ವರ್ ಮೂಲಕ ತರಿಸಿಕೊಳ್ಳಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಾರ್ಸ್ ಎರರ್ ಬಂತು ಅಂದರೆ ರಿಕ್ವೆಸ್ಟ್ ಸರ್ವರ್ ಮುಟ್ಟಲೇ ಇಲ್ಲ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಜೇಸನ್ ಕಳಿಸುವ ಪೋಸ್ಟ್‌ಗೆ ಪ್ರೀಫ್ಲೈಟ್ ಇದೆ, ಅದು ಅಲ್ಲೇ ನಿಂತಿರಬಹುದು. ಫಾರ್ಮ್ ಮಾದರಿಯ ಸಾದಾ ಪೋಸ್ಟ್‌ಗೆ ಅದಿಲ್ಲ. ರಿಕ್ವೆಸ್ಟ್ ಹೋಗುತ್ತದೆ, ಡೇಟಾಬೇಸ್‌ನಲ್ಲಿ ಬರೆಯುತ್ತದೆ. ಬಂದ ಉತ್ತರವನ್ನು ಮಾತ್ರ ಬ್ರೌಸರ್ ನಿಮ್ಮ ಕೋಡ್‌ಗೆ ಕೊಡುವುದಿಲ್ಲ. ಹಾಗಾಗಿ ಕಾರ್ಸ್ ಇದೆ ಅಂತ ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟ್ ನಿಮ್ಮ ಬಳಕೆದಾರರ ಹೆಸರಲ್ಲಿ ರಿಕ್ವೆಸ್ಟ್ ಕಳಿಸದಂತೆ ತಡೆಯುವ ಗುಟ್ಟಿನ ಸಂಕೇತ) ಬಿಡಬೇಡಿ. ಇಂಥ ಸಾದಾ ಪೋಸ್ಟ್‌ನಲ್ಲಿ ಎರರ್ ಬಂದಾಗೆಲ್ಲ ಬಟನ್ ಒತ್ತುತ್ತಾ ಇದ್ದವರು ಒಮ್ಮೆ ಟೇಬಲ್ ತೆರೆದು ನೋಡಿ. ಒತ್ತಿದಷ್ಟೂ ಸಾಲು ಅಲ್ಲಿ ಸೇರಿರುತ್ತವೆ.