ಪರಿಸರ ವ್ಯವಸ್ಥೆ: ಯಾರೂ ‘ಕಲ್ಪಿಸದ’ ವ್ಯವಸ್ಥೆ

ಮೈಸೂರಿನ ರಿಂಗ್ ರೋಡ್ ಪಕ್ಕ ಹೊಸ ಬಡಾವಣೆಯೊಂದರ ಬೋರ್ಡು ಎದ್ದಿದೆ: ‘ಒಳಚರಂಡಿ, ಬೀದಿದೀಪ ಹಾಗೂ ಉತ್ತಮ ಪರಿಸರ ವ್ಯವಸ್ಥೆ ಕಲ್ಪಿಸಲಾಗಿದೆ’. ಕೆಳಗೆ ಹುಲ್ಲುಹಾಸಿನ ಚಿತ್ರ, ಒಂದು ಬೆಂಚು. ಅದರ ಹಿಂದಿನ ವಾರವಷ್ಟೇ ಭಾಷಣವೊಂದರಲ್ಲಿ ‘ನವೋದ್ಯಮಗಳ ಪರಿಸರ ವ್ಯವಸ್ಥೆ’ ಕೇಳಿಸಿಕೊಂಡು ಬಂದಿದ್ದೆ. ಸಾಕಾಯಿತು.

ತಪ್ಪು ಬೋರ್ಡು ಬರೆದವರದಷ್ಟೇ ಅಲ್ಲ, ಇಂಗ್ಲಿಷಿನ ‘ಇಕೋಸಿಸ್ಟಮ್’ಗೆ ನಾವು ಕಟ್ಟಿಕೊಂಡ ಈ ಪದದಲ್ಲೇ ಎಡವಟ್ಟಿದೆ. ವ್ಯವಸ್ಥೆ ಅಂದ ಕೂಡಲೇ ನಮಗೆ ನೆನಪಾಗುವುದು ಊಟದ ವ್ಯವಸ್ಥೆ, ಬಸ್ಸಿನ ವ್ಯವಸ್ಥೆ. ಯಾರೋ ಓಡಾಡಿ ಏರ್ಪಾಟು ಮಾಡಿರುತ್ತಾರೆ, ಸರಿಯಿಲ್ಲದಿದ್ದರೆ ಅವರನ್ನು ಬೈಯಬಹುದು. ಆದರೆ 1935ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ‘ಇಕೋಸಿಸ್ಟಮ್’ ಪದವನ್ನು ಅಚ್ಚಿಗೆ ತಂದಾಗ, ಸಿಸ್ಟಮ್ ಎಂಬುದನ್ನು ಭೌತಶಾಸ್ತ್ರದ ಅರ್ಥದಲ್ಲಿ ತೆಗೆದುಕೊಳ್ಳಿ ಎಂದೇ ಹೇಳಿದ್ದರು. ಜೀವಿಗಳಷ್ಟೇ ಅಲ್ಲ, ಅವು ನಿಂತ ಮಣ್ಣು, ಕುಡಿದ ನೀರು, ಹವೆ ಎಲ್ಲ ಸೇರಿ ಕೊಟ್ಟು ತೆಗೆದುಕೊಂಡು ನಡೆಯುವ ಒಂದು ಕೂಟ. ಈ ಅರ್ಥಕ್ಕೆ ನಮ್ಮಲ್ಲಿ ಸಿದ್ಧವಾಗಿಯೇ ಇದ್ದ ಪದ ವ್ಯೂಹ. ಸೌರವ್ಯೂಹ, ನರವ್ಯೂಹ ಅನ್ನುತ್ತೇವಲ್ಲ! ಸೌರ ವ್ಯವಸ್ಥೆ ಅಂದಿದ್ದರೆ ತಾರಸಿ ಮೇಲಿನ ಬಿಸಿನೀರಿನ ಟ್ಯಾಂಕು ನೆನಪಾಗುತ್ತಿತ್ತೇ ಹೊರತು ಗುರು, ಶನಿ ಅಲ್ಲ. ‘ಪರಿಸರವ್ಯೂಹ’ ಅಂದಿದ್ದರೆ ಅದನ್ನು ‘ಕಲ್ಪಿಸಲು’ ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಇರಲಿ, ಪಠ್ಯಪುಸ್ತಕದಲ್ಲಿ ಕೂತ ಪದವನ್ನು ಎಬ್ಬಿಸುವುದು ಸುಲಭವಲ್ಲ.

‘ಪರಿಸರ’ದ ಪಾಡೂ ಅಷ್ಟೆ. ಇದರ ಮೂಲ ಸಂಸ್ಕೃತದ ‘ಸೃ’ ಧಾತು. ಚಲಿಸು, ಹರಿ ಎಂದರ್ಥ. ಸಂಸಾರ, ಪ್ರಸಾರ, ನದಿ ಎಂಬರ್ಥದ ಸರಿತ್, ಎಲ್ಲ ಇದೇ ವಂಶದವು. ಒಳಗೇ ಓಡಾಟ ಇರುವ ಪದವನ್ನು ನಾವು ಜೂನ್ 5ಕ್ಕೆ ನೆಟ್ಟು, ಫೋಟೊ ತೆಗೆದು, ನೀರು ಹಾಕಲು ಮರೆಯುವ ಸಸಿಯ ಹೆಸರು ಮಾಡಿದ್ದೇವೆ.

ಓಡಾಟ ನೋಡಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರೊಳಗಿನ ಹುಣಸೆಮರಗಳಲ್ಲಿ. ಮೀನು ಬರುವುದು ಶಿಂಷಾ ನದಿಯಿಂದ, ಸುತ್ತಲ ಕೆರೆಗಳಿಂದ. ಮರದಡಿ ಬಿದ್ದ ಹಿಕ್ಕೆ ಗೊಬ್ಬರವಾಗಿ ಹೊಲ ಸೇರುತ್ತದೆ. ಹೊಳೆಯಲ್ಲಿದ್ದ ಸಾರ ಹಕ್ಕಿಯ ಹೊಟ್ಟೆಯಲ್ಲಿ ಕೂತು ಹೊಲಕ್ಕೆ ಬಂತು! 2007ರಲ್ಲಿ ಇದು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಮೀಸಲಿಗೆ ಗಡಿ ಉಂಟು; ಆದರೆ ಈ ವ್ಯೂಹದ ಎಲ್ಲೆಗಲ್ಲು ಎಲ್ಲಿ ನೆಡುತ್ತೀರಿ? ಹುಣಸೆಮರದ ಬುಡದಲ್ಲೋ, ಶಿಂಷಾ ದಡದಲ್ಲೋ?

ಸಂಶೋಧನಾ ಕೇಂದ್ರಗಳು ಮಾಡುವ ಕೆಲಸ ಈ ಲೇವಾದೇವಿಯ ಲೆಕ್ಕ ಬರೆಯುವುದು. ಇಲ್ಲಿ ‘ಬದಲಾವಣೆ’ ಎಂಬ ಇನ್ನೊಂದು ಸವಕಲು ನಾಣ್ಯವೂ ಬರುತ್ತದೆ. ಒಂದು ಬೇಸಿಗೆ ಸೆಕೆ ಜಾಸ್ತಿಯಾದರೆ ಅದು ಸೆಕೆ, ಪರಿಸರ ಬದಲಾವಣೆಯಲ್ಲ. ಬದಲಾವಣೆ ಅನ್ನಲು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ವರ್ಷಗಟ್ಟಲೆ ನೋಡಿರಬೇಕು. ನಮ್ಮ ಬಂಡೀಪುರ ದಾಟಿದರೆ ಸಿಗುವ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 1988ರಲ್ಲಿ 50 ಹೆಕ್ಟೇರ್ ಕಾಡು ಗುರುತು ಮಾಡಿಕೊಂಡರು. ಕಾಂಡ 1 ಸೆಂಟಿಮೀಟರ್ ದಪ್ಪವಾದ ಗಿಡದಿಂದ ಹಿಡಿದು ಪ್ರತಿಯೊಂದಕ್ಕೂ ನಂಬರು. ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ. ಕೆಲವು ವರ್ಷ ಬಿಟ್ಟು ಮತ್ತೆ ಅದೇ ಗಿಡ, ಅದೇ ಟೇಪು. ಸತ್ತಿದ್ದರೆ ಅದೂ ದಾಖಲೆ: ಆನೆ ಮುರಿಯಿತೋ, ಬೆಂಕಿ ಸುಟ್ಟಿತೋ, ಬರಕ್ಕೆ ಒಣಗಿತೋ. ಫೋಟೊಗೆ ಲಾಯಕ್ಕಾದ ಕೆಲಸವೇ ಅಲ್ಲ.

ಹಾಗಾದರೆ ಬಡಾವಣೆಯವರು ಏನು ಬರೆಯಬೇಕಿತ್ತು ಎಂದು ಗೆಳೆಯರೊಬ್ಬರು ಕೇಳಿದರು. ‘ಪಾರ್ಕು ಇದೆ’ ಅಂತ ಬರೆದರೆ ಸಾಕು.