ಗಾಲ್ಫ್ ಐರನ್ ಕೊಳ್ಳುವ ಮುಂಚೆ ಕ್ಲಬ್‌ಫೇಸ್ ಮೇಲಿನ ಗುರುತು ನೋಡಿ

ಐರನ್ ಸೆಟ್ (ಗಾಲ್ಫ್‌ನ ತೆಳು ಲೋಹದ ತಲೆಯ ಕ್ಲಬ್‌ಗಳು) ಬೇಕು ಅಂತ ನನ್ನ ಹತ್ತಿರ ಬರುವವರು ಬಾಯಿ ತೆರೆದ ಕೂಡಲೇ ತಮ್ಮ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ತೋರಿಸುವ ಅಂಕಿ, ಹೇಳುತ್ತಾರೆ. ಅದು ಆಮೇಲೆ ನೋಡೋಣ ಎನ್ನುತ್ತೇನೆ. ಮೊದಲು ವೈಟ್‌ಬೋರ್ಡ್ ಮಾರ್ಕರ್ ತೆಗೆದುಕೊಂಡು ಚೆಂಡಿನ ಮೇಲೆ, ಕ್ಲಬ್ ತಾಗುವ ಬದಿಗೆ, ನೆಟ್ಟಗೆ ಒಂದು ದಪ್ಪ ಗೆರೆ ಎಳೆಯುತ್ತೇನೆ. 7 ನಂಬರ್ ಐರನ್‌ನಲ್ಲಿ ಹತ್ತು ಚೆಂಡು ಹೊಡೆಯಿರಿ. ಪ್ರತಿ ಸಲ ಆ ಗೆರೆ ಕ್ಲಬ್‌ಫೇಸ್ ಮೇಲೆ, ಅಂದರೆ ಚೆಂಡಿಗೆ ತಾಗುವ ಮುಖದ ಮೇಲೆ, ಅಚ್ಚಾಗುತ್ತದೆ. ಫೋಟೋ ತೆಗೆದು, ಒರೆಸಿ, ಮತ್ತೆ ಹೊಡೆಯಿರಿ.

ಹತ್ತೂ ಗುರುತು ಒಂದು ನಾಣ್ಯದಷ್ಟು ಜಾಗದಲ್ಲೇ ಬಿದ್ದರೆ ನೀವು ಯಾವ ಐರನ್ ಬೇಕಾದರೂ ಆಡಬಹುದು. ಆದರೆ ಹೆಚ್ಚಿನವರದ್ದು ಮೂರು ಟೋ (ತಲೆಯ ಹೊರ ತುದಿ) ಕಡೆ, ಎರಡು ಹೀಲ್ (ಕೋಲು ಸೇರುವ ತುದಿ) ಹತ್ತಿರ, ಒಂದೆರಡು ತೀರಾ ಕೆಳಗಿನ ಗ್ರೂವ್‌ನಲ್ಲಿ (ಫೇಸ್ ಮೇಲಿನ ಗೀರು), ಉಳಿದಿದ್ದು ಮಾತ್ರ ಮಧ್ಯದಲ್ಲಿ. ಮನೆಗೆ ಹೋದ ಮೇಲೆ ನೆನಪಿರುವುದು ಆ ಮಧ್ಯದ್ದೇ, ಅಲ್ವಾ?

ನಾನೂ ಈ ತಪ್ಪು ಮಾಡಿದವನೇ. ಹೊಳೆಯುವ ಬ್ಲೇಡ್ (ಹಿಂಬದಿ ಕೊರೆಯದ ತೆಳು ಐರನ್) ಸೆಟ್ ನೋಡಿ ಮರುಳಾಗಿ, ಎರಡು ವರ್ಷ ಕೈ ಜುಮ್ಮೆನ್ನಿಸಿಕೊಂಡು ಆಡಿದೆ. ಬ್ಲೇಡ್‌ನಲ್ಲಿ ತೂಕವೆಲ್ಲ ಹೊಡೆತದ ಜಾಗದ ಹಿಂದೆಯೇ ಇರುತ್ತದೆ, ಹಾಗಾಗಿ ಮಧ್ಯಕ್ಕೆ ಬಿದ್ದರೆ ಬೆಣ್ಣೆ, ಬೆರಳಗಲ ಆಚೆ ಬಿದ್ದರೆ ಕ್ಲಬ್‌ನ ತಲೆ ತಿರುಚಿಕೊಂಡು ಚೆಂಡು ಬಂಕರ್‌ನ ಮರಳಿನಲ್ಲಿ. ಕ್ಯಾವಿಟಿ ಬ್ಯಾಕ್ ಐರನ್‌ನಲ್ಲಿ ಹಿಂಬದಿಯನ್ನು ಕೊರೆದು ಆ ತೂಕವನ್ನು ಅಂಚಿಗೆ ಹಂಚಿರುತ್ತಾರೆ. ತಲೆ ಕಡಿಮೆ ತಿರುಚುತ್ತದೆ, ತಪ್ಪು ಹೊಡೆತಕ್ಕೂ ದೂರ ಅಷ್ಟಾಗಿ ಕಳೆಯುವುದಿಲ್ಲ. ಇದನ್ನು ಜನರ ಬ್ಯಾಗಿಗೆ ತಂದವರಲ್ಲಿ ದೊಡ್ಡ ಹೆಸರು ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ ಅವರದ್ದು. ಅವರು ಪ್ರೊ ಆಟಗಾರರಲ್ಲ, ಇಂಜಿನಿಯರ್.

ಹೊಸಬರಿಗೆ ನಾನು ಕೊಡುವುದು ಅಗಲ ಸೋಲ್ (ತಲೆಯ ತಳ) ಇರುವ, ತಪ್ಪು ಹೊಡೆತ ಕ್ಷಮಿಸುವ ಗೇಮ್ ಇಂಪ್ರೂವ್‌ಮೆಂಟ್ ಐರನ್. ಚೆಂಡಿಗೆ ಮೊದಲು ನೆಲ ತಾಗಿದರೂ ಅದು ಅಗೆಯದೆ ಜಾರಿಕೊಂಡು ಹೋಗುತ್ತದೆ. ಅದರಲ್ಲಿ ಆಫ್‌ಸೆಟ್ ಕೂಡ ಜಾಸ್ತಿ, ಅಂದರೆ ಫೇಸ್ ಶಾಫ್ಟ್‌ಗಿಂತ (ಕ್ಲಬ್‌ನ ಕೋಲು) ತುಸು ಹಿಂದೆ ಕೂತಿರುತ್ತದೆ. ಸ್ಲೈಸ್ ಹೊಡೆಯುವವರಿಗೆ, ಅಂದರೆ ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗುವುದಾದರೆ, ಇದು ವರ. ಅದಕ್ಕೆ ಉಲ್ಟಾ, ಎಡಕ್ಕೆ ಬಾಗುವ ಹುಕ್ ಹೊಡೆಯುವವರು ಸ್ವಲ್ಪ ಯೋಚಿಸಬೇಕು.

ಈಗ ಅಂಗಡಿಯ ಮ್ಯಾಜಿಕ್‌ಗೆ ಬರೋಣ. ಹೊಸ 7 ಐರನ್ ಹಳೆಯದಕ್ಕಿಂತ 15 ಗಜ ದೂರ ಹೋಯಿತು ಅಂತ ಖುಷಿಪಡುವ ಮುಂಚೆ ಲಾಫ್ಟ್, ಅಂದರೆ ಫೇಸ್ ಎಷ್ಟು ಹಿಂದಕ್ಕೆ ವಾಲಿದೆ ಅಂತ ಕೇಳಿ; ಅದು ಕಡಿಮೆಯಿದ್ದಷ್ಟೂ ಚೆಂಡು ದೂರ. ಬ್ಲೇಡ್‌ಗಳ 7 ಐರನ್ ಸಾಮಾನ್ಯವಾಗಿ 34 ಡಿಗ್ರಿ ಆಸುಪಾಸು. ದೂರಕ್ಕೆಂದೇ ಮಾಡಿದ ಸೆಟ್‌ಗಳಲ್ಲಿ 28ರಿಂದ 30. ಅಂದರೆ ಕೆಳಗೆ 7 ಅಂತ ಬರೆದಿರುವ ಹಳೆಯ 5 ಅಥವಾ 6 ಐರನ್ ಅದು! ಮೋಸ ಅನ್ನಲಾರೆ, ತೂಕ ಕೆಳಗಿರುವುದರಿಂದ ಚೆಂಡು ಎತ್ತರಕ್ಕೂ ಏಳುತ್ತದೆ. ಆದರೆ ಆ ಸೆಟ್‌ನ ಪಿಚಿಂಗ್ ವೆಜ್ (ವೆಜ್ ಅಂದರೆ ಹತ್ತಿರದ ಹೊಡೆತದ ಕ್ಲಬ್) 43 ಡಿಗ್ರಿ, ನಿಮ್ಮ ಸ್ಯಾಂಡ್ ವೆಜ್ 56 ಆಗಿದ್ದರೆ ನಡುವಿನ 13 ಡಿಗ್ರಿಗೆ ಇನ್ನೊಂದು ವೆಜ್ ಕೊಳ್ಳಲೇಬೇಕು. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್‌ಗೆ ಮಾತ್ರ ಜಾಗ. ಆ ಜಾಗಕ್ಕಾಗಿ 3, 4 ಐರನ್ ಎರಡನ್ನೂ ಬಿಟ್ಟುಬಿಡಿ, ಅವುಗಳ ಬದಲು ದಪ್ಪ ತಲೆಯ ಹೈಬ್ರಿಡ್ ಕ್ಲಬ್ ಒಂದೇ ಸಾಕು, 3 ಐರನ್ ಅಂತೂ ಸುಮ್ನೆ ಭಾರ.

ಶಾಫ್ಟ್ ವಿಷಯದಲ್ಲಿ ಗಂಡಸುತನ ತರಬೇಡಿ. ಸ್ವಿಂಗ್ ನಿಧಾನವಿದ್ದರೆ ಅಥವಾ ಮೊಣಕೈ ನೋಯುತ್ತಿದ್ದರೆ ಸ್ಟೀಲ್ ಬಿಟ್ಟು ಹಗುರವಾದ ಗ್ರಾಫೈಟ್ ಶಾಫ್ಟ್ ತೆಗೆದುಕೊಳ್ಳಿ.

ಇನ್ನು ಮಾರ್ಕರ್ ಗೆರೆ. ಫೇಸ್ ಮೇಲೆ ಅದು ಎಲ್ಲಿ ಬಿತ್ತು ಅನ್ನುವುದಷ್ಟೇ ಅಲ್ಲ, ವಾಲಿದೆಯಾ ಅಂತಲೂ ನೋಡಿ. ಪ್ರತಿ ಸಲ ಒಂದೇ ಕಡೆ ವಾಲುತ್ತಿದ್ದರೆ ಲೈ ಆಂಗಲ್ (ಶಾಫ್ಟ್ ನೆಲದ ಜೊತೆ ಮಾಡುವ ಕೋನ) ನಿಮಗೆ ಸರಿಯಿಲ್ಲ. ಟೋ ಮೇಲೆದ್ದಿದ್ದರೆ ಬಲಗೈ ಆಟಗಾರರ ಚೆಂಡು ಎಡಕ್ಕೆ ಹೋಗುತ್ತದೆ, ಸ್ವಿಂಗ್ ಚೆನ್ನಾಗಿದ್ದರೂ. ಫೋರ್ಜ್ಡ್ (ಬಡಿದು ಮಾಡಿದ) ತಲೆಯಾದರೆ ಒಂದೆರಡು ಡಿಗ್ರಿ ಬಗ್ಗಿಸುವುದು ಕೆಲವೇ ನಿಮಿಷದ ಕೆಲಸ. ಕಾಸ್ಟ್ (ಎರಕ ಹೊಯ್ದ) ತಲೆಗಳಲ್ಲಿ ಕೆಲವು ಬಗ್ಗುವುದಿಲ್ಲ, ಮುರಿಯುತ್ತವೆ. ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.